ಎಕ್ಸ್‌ಪೈರ್ ಆದ ಕಾರ್ಡು

ಜುಂಪಾ ಲಾಹಿರಿಯವರ 'ದಿ ನೇಮ್‌ಸೇಕ್' ಕಾದಂಬರಿಯಲ್ಲಿ ಒಂದು ಫೋನ್ ಕರೆ ಬರುತ್ತದೆ. ಓದಿದವರು ಮರೆತಿರಲಾರರು. ಕೆಲಸದ ಮೇಲೆ ಕ್ಲೀವ್‌ಲ್ಯಾಂಡಿನಲ್ಲಿ ಒಬ್ಬನೇ ಇರುವ ಅಶೋಕ್ ಗಂಗೂಲಿ ಹೊಟ್ಟೆನೋವೆಂದು ತಾನೇ ಆಸ್ಪತ್ರೆಗೆ ಹೋಗಿರುತ್ತಾನೆ. ಬಾಸ್ಟನ್ ಬಳಿಯ ಮನೆಯಿಂದ ಹೆಂಡತಿ ಆಶಿಮಾ ಆಸ್ಪತ್ರೆಗೆ ಫೋನ್ ಮಾಡಿದಾಗ, ರೋಗಿ 'ಎಕ್ಸ್‌ಪೈರ್' ಆಗಿದ್ದಾರೆ ಎಂಬ ಉತ್ತರ ಸಿಗುತ್ತದೆ. ಆಶಿಮಾಳಿಗೆ ಒಂದು ಕ್ಷಣ ಆ ಶಬ್ದ ತಲೆಗೆ ಹೋಗುವುದಿಲ್ಲ. ಲೈಬ್ರರಿ ಕಾರ್ಡಿಗೆ, ಪತ್ರಿಕೆಯ ಚಂದಾಕ್ಕೆ ಹೇಳುವ ಮಾತಲ್ಲವೇ ಇದು ಎಂದು ಅವಳ ಮನಸ್ಸು ಎಲ್ಲೋ ಅಲೆಯುತ್ತದೆ.

ಪುಣೆಯ ನಮ್ಮ ಪುಟ್ಟ ಓದುಗುಂಪಿನಲ್ಲಿ ಈ ದೃಶ್ಯವನ್ನು ಎಲ್ಲರೂ ಮೆಚ್ಚಿದರು. ನನಗೆ ಮಾತ್ರ ಅದರ ಬಗ್ಗೆ ಒಂದು ತಕರಾರಿದೆ. ನಮ್ಮ ತಿಪಟೂರಿನ ಕಡೆ ಇಂಗ್ಲಿಷು ಒಂದಕ್ಷರ ಬರದವರೂ "ಅವ್ರು ಎಕ್ಸ್‌ಪೈರ್ ಆದ್ರಂತೆ" ಅನ್ನುತ್ತಾರೆ. ಭಾರತದ ಇಂಗ್ಲಿಷಿನಲ್ಲಿ ಆ ಶಬ್ದದ ಮೊದಲ ಅರ್ಥವೇ ಸಾವು. ಕಲ್ಕತ್ತಾದಲ್ಲಿ ಬೆಳೆದು ಇಂಗ್ಲಿಷ್ ಸಾಹಿತ್ಯ ಓದಿದ ಆಶಿಮಾಳಿಗೆ ಇದು ಗೊತ್ತಿಲ್ಲದೆ ಇರುತ್ತದೆಯೆ? ಅಲ್ಲಿ ಕೇಳಿಸಿಕೊಳ್ಳುತ್ತಿರುವುದು ಆಶಿಮಾಳ ಕಿವಿಯಲ್ಲ, ಲಂಡನ್ನಿನಲ್ಲಿ ಹುಟ್ಟಿ ರೋಡ್ ಐಲೆಂಡಿನಲ್ಲಿ ಬೆಳೆದ ಲೇಖಕಿಯ ಕಿವಿ. ಇದು ಸಣ್ಣ ತಪ್ಪು, ದೊಡ್ಡ ಕಾದಂಬರಿಯಲ್ಲಿ ಕ್ಷಮಿಸಬಹುದಾದದ್ದು. ಆದರೂ ನಾನು ಅದನ್ನೇ ಹಿಡಿದು ಕೂತಿರುವುದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲಿ ಇದೇ ಶಬ್ದ ಉಲ್ಟಾ ದಿಕ್ಕಿನಲ್ಲಿ ಬಂದಿತ್ತು.

2008ರ ಫೆಬ್ರವರಿ. ತಿಪಟೂರಿನಲ್ಲಿ ಸ್ಟೇಷನರಿ ಅಂಗಡಿ ಇಟ್ಟುಕೊಂಡಿದ್ದ ನಮ್ಮಪ್ಪನಿಗೆ ಬೆಳಗಿನ ಜಾವ ಎದೆನೋವು ಬಂತು. ತಮ್ಮ ಬಾಡಿಗೆ ಕಾರು ಮಾಡಿಕೊಂಡು ಬೆಂಗಳೂರಿನ ಒಂದು ಆಸ್ಪತ್ರೆಗೆ ಕರೆತಂದ. ಸ್ಟ್ರೆಚರ್ ಮೇಲಿದ್ದಾಗಲೇ ಅಪ್ಪ ಶರಟಿನ ಜೇಬಿಗೆ ಕೈಹಾಕಿ ಲ್ಯಾಮಿನೇಟ್ ಮಾಡಿಸಿದ್ದ ಒಂದು ಕಾರ್ಡು ತೆಗೆದು ತಮ್ಮನ ಕೈಗಿಟ್ಟರಂತೆ. ಅದು ನನ್ನ ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಕಾರ್ಡು. ಕೌಂಟರಿನ ಹುಡುಗ ನಂಬರ್ ಒತ್ತಿ ನೋಡಿ, "ಇದು ಎಕ್ಸ್‌ಪೈರ್ ಆಗಿದೆ ಸಾರ್" ಅಂದ. ಹಿಂದೆ ಬೆಂಚಿನ ಮೇಲೆ ಕೂತಿದ್ದ ಅಮ್ಮನಿಗೆ ಕೇಳಿಸಿದ್ದು ಅದೊಂದೇ ಶಬ್ದ. ಅವರು ಎದ್ದು ನಿಂತು ಗೋಡೆ ಹಿಡಿದುಕೊಂಡರು. ಕಾರ್ಡಮ್ಮಾ, ಕಾರ್ಡು, ಅಪ್ಪ ಅಲ್ಲ ಎಂದು ಬಿಡಿಸಿ ಹೇಳಲು ತಮ್ಮನಿಗೆ ಎರಡು ನಿಮಿಷ ಹಿಡಿಯಿತು. ಆ ಎರಡು ನಿಮಿಷ ಅಮ್ಮ ಏನನ್ನು ಅನುಭವಿಸಿದರೋ ಅದನ್ನು ಲಾಹಿರಿ ಬರೆದಿಲ್ಲ. ಅದು ಅವರ ಕಥೆಯೂ ಅಲ್ಲ.

ಕಾರ್ಡು ಯಾಕೆ ಎಕ್ಸ್‌ಪೈರ್ ಆಗಿತ್ತು? 2007ರ ಜೂನ್‌ನಲ್ಲಿ ನಾನು ಬೆಂಗಳೂರಿನ ಕೆಲಸ ಬಿಟ್ಟು, ನ್ಯೂಜೆರ್ಸಿಯ ಎಡಿಸನ್ನಿನಲ್ಲಿದ್ದ ಗಂಡನ ಜೊತೆ ಇರಲು ಎಚ್-4 ವೀಸಾದ ಮೇಲೆ ಹೊರಟೆ. ಕೆಲಸದ ಕೊನೆಯ ದಿನ ಲ್ಯಾಪ್‌ಟಾಪ್, ಐಡಿ ಕಾರ್ಡು, ಡ್ರಾಯರಿನ ಬೀಗದ ಕೈ ಎಲ್ಲ ಒಪ್ಪಿಸಿ ಏಳೆಂಟು ಸಹಿ ಮಾಡಿಸಿಕೊಂಡೆ. ಪಾಲಿಸಿ ಅವತ್ತೇ ಮುಗಿಯುತ್ತದೆ ಎಂದು ಆ ಫಾರಂನಲ್ಲಿ ಎಲ್ಲೂ ಇರಲಿಲ್ಲ. ಇದ್ದಿದ್ದರೂ ನಾನು ಅದನ್ನು ನನ್ನ ಪಾಲಿಸಿ ಎಂದುಕೊಳ್ಳುತ್ತಿದ್ದೆನೇ ಹೊರತು ಅಪ್ಪನದು ಎಂದಲ್ಲ. ನನಗೇನು, ಗಂಡನ ಕಂಪನಿಯ ಪಾಲಿಸಿಗೆ ಸೇರುತ್ತೇನೆ. ಸಕ್ಕರೆ ಕಾಯಿಲೆಯಿದ್ದ, ಅರವತ್ತು ದಾಟಿದ ಅಂಗಡಿಯವನಿಗೆ ಆ ಕಾಲದಲ್ಲಿ ಹೊಸದಾಗಿ ಪಾಲಿಸಿ ಕೊಡುವವರು ಯಾರು? ಅಪ್ಪನ ಇಡೀ ಜೀವನದಲ್ಲಿ ಅವರ ಹೆಸರಿದ್ದ ಇನ್ಶೂರೆನ್ಸ್ ಅದೊಂದೇ. ಅದಕ್ಕೇ ಲ್ಯಾಮಿನೇಟ್ ಮಾಡಿಸಿ ಜೇಬಿನಲ್ಲಿಟ್ಟುಕೊಂಡಿದ್ದರು. ಮಗಳು ವಿಮಾನ ಹತ್ತಿದ ಮೇಲೂ ಎಂಟು ತಿಂಗಳು ದಿನಾ ಶರಟು ಬದಲಿಸುವಾಗ ಅದನ್ನೂ ಬದಲಿಸಿಕೊಂಡಿದ್ದರು.

ಎರಡು ಸ್ಟೆಂಟ್ ಹಾಕಿದರು. ಮೂರು ಲಕ್ಷದ ಹತ್ತಿರ ಆಯಿತು. ಇವರು ಎಡಿಸನ್ನಿನಿಂದ ದುಡ್ಡು ಕಳಿಸಿದರು, ಕೇಳಿಸಿಕೊಳ್ಳದೆಯೇ ಕಳಿಸಿದರು. ಅಪ್ಪ ಅದನ್ನು ಅಂಗಡಿಯ ಲೆಕ್ಕದ ಪುಸ್ತಕದಲ್ಲಿ 'ಅಳಿಯಂದಿರ ಬಾಬ್ತು' ಎಂದು ಬರೆದಿಟ್ಟು ಮೂರು ವರ್ಷದಲ್ಲಿ ತೀರಿಸಿದರು. ಮಗಳ ಕಂಪನಿಯ ಕಾರ್ಡಿನಲ್ಲಿ ಆಗಿದ್ದರೆ ಅದು ಸಾಲವಾಗುತ್ತಿರಲಿಲ್ಲ.

ಇಷ್ಟನ್ನು ಹೇಳಿದ ಮೇಲೆ ವಿಮರ್ಶೆಗೆ ಬರುತ್ತೇನೆ. 2007 ನನ್ನಂಥವರಿಗೆ ವಿಚಿತ್ರ ವರ್ಷ. ಮೀರಾ ನಾಯರ್ ತೆಗೆದ 'ನೇಮ್‌ಸೇಕ್' ಸಿನಿಮಾ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ತೆರೆ ಕಂಡಿತು, ಮೈಕೆಲ್ ಮೂರ್ ತೆಗೆದ 'ಸಿಕ್ಕೋ' ಜೂನ್‌ನಲ್ಲಿ. ಎರಡನ್ನೂ ನಾನು ಆ ಚಳಿಗಾಲದಲ್ಲಿ, ನೆಟ್‌ಫ್ಲಿಕ್ಸ್‌ನವರು ಟಪಾಲಿನಲ್ಲಿ ಕಳಿಸುತ್ತಿದ್ದ ಕೆಂಪು ಲಕೋಟೆಗಳಿಂದ ತೆಗೆದು, ಹೆಚ್ಚುಕಡಿಮೆ ಒಂದೇ ವಾರದಲ್ಲಿ ನೋಡಿದೆ. ಒಂದು ಗಂಡನ ಜೊತೆ ಇರಲು ದೇಶ ಬಿಟ್ಟ ಹೆಂಗಸಿನ ಕಥೆ, ಇನ್ನೊಂದು ಅಮೆರಿಕದ ಹೆಲ್ತ್ ಇನ್ಶೂರೆನ್ಸಿನ ಕಥೆ. ನನ್ನ ಕಥೆ ಎರಡರ ನಡುವಿನ ಸಂದಿಯಲ್ಲಿ ಬಿದ್ದಿತ್ತು.

ಮೊದಲು 'ನೇಮ್‌ಸೇಕ್'. ಕಾದಂಬರಿ (2003) ಶುರುವಾಗುವುದು 1968ರಲ್ಲಿ, ತುಂಬು ಗರ್ಭಿಣಿ ಆಶಿಮಾ ಕೇಂಬ್ರಿಡ್ಜಿನ ಅಡುಗೆಮನೆಯಲ್ಲಿ ರೈಸ್ ಕ್ರಿಸ್ಪೀಸ್, ಕಡಲೆಬೀಜ, ಈರುಳ್ಳಿ ಕಲಸಿ ಕಲ್ಕತ್ತಾದ ಬೀದಿಬದಿಯ ತಿಂಡಿಯನ್ನು ನೆನಪಿಸಿಕೊಳ್ಳುವಲ್ಲಿ. ಅಲ್ಲಿಂದ ನೇರ ಆಸ್ಪತ್ರೆ. ಅಂದರೆ ಈ ಕಾದಂಬರಿಗೆ ಆಸ್ಪತ್ರೆ ಹೊಸದಲ್ಲ. ಅದು ಹುಟ್ಟುವುದೇ ಆಸ್ಪತ್ರೆಯಲ್ಲಿ. ಕಾಗದಪತ್ರವೂ ಹೊಸದಲ್ಲ. ಅಜ್ಜಿ ಹೆಸರು ಬರೆದು ಕಳಿಸಿದ ಕಾಗದ ಬಂದು ತಲುಪುವುದಿಲ್ಲ, ಜನನ ಪ್ರಮಾಣಪತ್ರವಿಲ್ಲದೆ ಮಗುವನ್ನು ಮನೆಗೆ ಕರೆದೊಯ್ಯುವಂತಿಲ್ಲ, ಹೆಸರಿಲ್ಲದೆ ಪ್ರಮಾಣಪತ್ರವಿಲ್ಲ. ಹಾಗಾಗಿ ಗೊಗೋಲ್ ಎಂಬ ಹೆಸರು ಬೀಳುತ್ತದೆ, ಆ ಹೆಸರಿನಿಂದ ಇಡೀ ಕಾದಂಬರಿ ಬೆಳೆಯುತ್ತದೆ. ಒಂದು ಸರ್ಕಾರಿ ಫಾರಂ ಮನುಷ್ಯನ ಬದುಕಿನೊಳಗೆ ಹೇಗೆ ಕಾಲಿಡುತ್ತದೆ ಎಂದು ತೋರಿಸುವುದರಲ್ಲಿ ಲಾಹಿರಿ ನಿಜಕ್ಕೂ ನಿಪುಣೆ.

ಗುಂಪಿನ ಗೆಳತಿಯೊಬ್ಬಳು ನನ್ನನ್ನು ಗೇಲಿ ಮಾಡಿದಳು: "ನೀನು ಕಾದಂಬರಿನೂ ಪ್ರಾಜೆಕ್ಟ್ ರಿವ್ಯೂ ಥರ ಓದ್ತೀಯಲ್ಲೇ, ರಿಸ್ಕ್ ರಿಜಿಸ್ಟರ್ ಇಟ್ಕೊಂಡು." ಇರಬಹುದು. ಇಪ್ಪತ್ತು ವರ್ಷ ಬೇರೆಯವರ ಡೆಡ್‌ಲೈನ್ ಕಾದವಳ ಓದು ಹಾಗೇ ಇರುತ್ತದೆ. ಆದರೆ ಕಾಗದವನ್ನು ಕಥೆಯೊಳಗೆ ತಂದವರು ಲಾಹಿರಿಯವರೇ, ನಾನಲ್ಲ. ಒಂದು ಕಾಗದಕ್ಕೆ ಅಷ್ಟು ಜೀವ ಕೊಟ್ಟ ಲೇಖಕಿಯ ಕಣ್ಣಿಗೆ ಇನ್ನೊಂದು ಯಾಕೆ ಕಾಣಲಿಲ್ಲ ಎಂದು ಕೇಳುವ ಹಕ್ಕು ಓದುಗರಿಗಿದೆ.

ನನ್ನ ಉತ್ತರ ಇದು. ಅಶೋಕ್ ಎಂಐಟಿಯ ವಿದ್ಯಾರ್ಥಿ, ಆಮೇಲೆ ವಿಶ್ವವಿದ್ಯಾಲಯದ ಅಧ್ಯಾಪಕ. ಇಂಥವರ ಮನೆಯಲ್ಲಿ ಕವರ್ ಎಂಬುದು ಗೋಡೆಯೊಳಗಿನ ವೈರಿಂಗ್ ಇದ್ದಂತೆ. ಕರೆಂಟ್ ಬರುತ್ತಿರುವಷ್ಟು ದಿನ ಅದು ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಅಶೋಕ್ ಕೊನೆಯ ದಿನ ಆಸ್ಪತ್ರೆಗೆ ಒಬ್ಬನೇ ಹೋಗುವುದನ್ನು ಲಾಹಿರಿ ಒಂಟಿತನದ ಚಿತ್ರವಾಗಿ ಬರೆದಿದ್ದಾರೆ, ಓದುವಾಗ ಗಂಟಲು ಕಟ್ಟುತ್ತದೆ. ಆದರೆ ಎಡಿಸನ್ನಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಮರ್ಜೆನ್ಸಿಗೆ ಹೋಗಬೇಕೋ ಬೇಡವೋ ಎಂದು ಫ್ರಿಜ್ಜಿನ ಮೇಲೆ ಅಂಟಿಸಿದ್ದ ಕಾರ್ಡನ್ನು ನೋಡುತ್ತ ನಿಂತ ರಾತ್ರಿಗಳಿದ್ದವು. ಅಶೋಕ್ ಹಾಗೆ ನಿಲ್ಲುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಆಶಿಮಾಳ ತಂದೆಯ ಸಾವು. 'ದೇಶ್' ಪತ್ರಿಕೆಗೆ ಚಿತ್ರ ಬರೆಯುತ್ತಿದ್ದ ಕಲಾವಿದ ಅವರು. ಕಲ್ಕತ್ತಾಕ್ಕೆ ಹೋಗುವ ತಯಾರಿಯಲ್ಲಿ ಅವಳು ಅಪ್ಪನಿಗೆಂದು ಸ್ವೆಟರ್ ಹೆಣೆಯುತ್ತಿರುತ್ತಾಳೆ. ಹೋಗುವ ಮೊದಲೇ ಹೃದಯಾಘಾತದ ಸುದ್ದಿ ಬರುತ್ತದೆ. ದೂರದಲ್ಲಿರುವ ಮಗಳು, ತಲುಪದ ಸ್ವೆಟರ್. ಇದು ವಲಸೆ ಸಾಹಿತ್ಯದ ಮೂಲವಿಗ್ರಹವೇ ಆಗಿಬಿಟ್ಟಿದೆ. ಅಲ್ಲಿಂದೀಚೆಗೆ ನಾವೆಲ್ಲ ಬರೆದದ್ದು ಇದರ ಪ್ರತಿಗಳು.

ಗಮನಿಸಿ, ಅರವತ್ತರ ದಶಕದ ಆಶಿಮಾ ಹೊರಟಾಗ ಕಾಗದದ ಮೇಲೆ ಕಳೆದುಕೊಳ್ಳುವಂಥದ್ದು ಅವಳ ಬಳಿ ಏನೂ ಇರಲಿಲ್ಲ. ಸಂಬಳವಿಲ್ಲ, ಪಿಎಫ್ ಇಲ್ಲ, ತನ್ನ ಹೆಸರಿನ ಕೆಳಗೆ ಅಪ್ಪ ಅಮ್ಮನನ್ನು ಸೇರಿಸಿದ ಪಾಲಿಸಿ ಇಲ್ಲ. ನಮ್ಮ ದೇಶಕ್ಕೆ ಮೆಡಿಕ್ಲೇಮ್ ಬಂದದ್ದೇ 1986ರಲ್ಲಿ. ಅವಳು ಹೋದದ್ದರಿಂದ ಅವಳಪ್ಪನಿಗಾದ ನಷ್ಟ ಮಗಳ ಮುಖ ಕಾಣದ ನಷ್ಟ ಮಾತ್ರ. 2007ರ ನಾನು ಹಾಗಲ್ಲ. ಕನ್ನಡದ ಕೆಳಮಧ್ಯಮವರ್ಗದ ಮನೆಗಳಲ್ಲಿ ಮೊದಲ ಬಾರಿಗೆ ಹೆಣ್ಣುಮಗಳು ಅಪ್ಪನ ಆಸ್ಪತ್ರೆ ಖರ್ಚಿನ ಆಧಾರವಾದದ್ದು ನಮ್ಮ ತಲೆಮಾರಿನಲ್ಲಿ, ಐಟಿ ಕಂಪನಿಗಳ ಗ್ರೂಪ್ ಪಾಲಿಸಿಗಳ ಮೂಲಕ. ಆ ಆಧಾರ ಅವಳ ಕೆಲಸಕ್ಕೆ ಅಂಟಿಕೊಂಡಿತ್ತು. ಕೆಲಸ ಮದುವೆಗೆ ಅಂಟಿಕೊಂಡಿತ್ತು. ಮದುವೆ ವೀಸಾಕ್ಕೆ. ನಾನು ವಿಮಾನ ಹತ್ತಿದ್ದರಿಂದ ತಿಪಟೂರಿನಲ್ಲಿ ಒಬ್ಬರ ಜೇಬಿನ ಕಾರ್ಡು ಸತ್ತಿತು. ಆಶಿಮಾಳ ಅಚ್ಚಿನಲ್ಲೇ ನಮ್ಮ ಹೊರಡುವಿಕೆಯನ್ನು ಬರೆದುಕೊಳ್ಳುತ್ತ ಹೋದರೆ ಇದು ಎಲ್ಲಿ ಹಿಡಿಸುತ್ತದೆ?

ಲಾಹಿರಿಯವರದು ಇದರಲ್ಲಿ ತಪ್ಪಿಲ್ಲ. ಅವರು ತಮ್ಮ ತಾಯಿಯ ತಲೆಮಾರನ್ನು ಬರೆದರು. ತಪ್ಪು ಅದನ್ನೇ ನಮ್ಮ ಕಥೆ ಎಂದು ಅತ್ತ ನಮ್ಮದು.

'ಸಿಕ್ಕೋ' ಬೇರೆ ಥರದ ಪ್ರಾಣಿ. ಮೂರ್ ಮೊದಲೇ ಹೇಳಿಬಿಡುತ್ತಾರೆ, ಇದು ಇನ್ಶೂರೆನ್ಸ್ ಇಲ್ಲದವರ ಕಥೆಯಲ್ಲ, ಇದ್ದವರ ಕಥೆ ಎಂದು. ಆರಂಭದಲ್ಲಿ ಮಾತ್ರ ಇಲ್ಲದವನೊಬ್ಬ ಬರುತ್ತಾನೆ: ಗರಗಸಕ್ಕೆ ಎರಡು ಬೆರಳ ತುದಿ ಹೋಗಿದೆ, ನಡುಬೆರಳಿಗೆ 60,000 ಡಾಲರ್, ಉಂಗುರಬೆರಳಿಗೆ 12,000; ಅವನು ಉಂಗುರಬೆರಳನ್ನು ಆರಿಸಿಕೊಳ್ಳುತ್ತಾನೆ. ಅದನ್ನು ನೋಡಿದ ರಾತ್ರಿ ನಾನು ತರಕಾರಿ ಹೆಚ್ಚಲಿಲ್ಲ, ಇವರಿಂದಲೇ ಹೆಚ್ಚಿಸಿದೆ.

ಅಣಕ, ಸಿಟ್ಟು, ಸಂಗೀತ ಎಲ್ಲವನ್ನೂ ಬೆರೆಸುವ ಮೂರ್‌ರ ವಿಧಾನ ನನಗೆ ಇಷ್ಟವೇ. ಬ್ರಿಟನ್ನಿನ ಆಸ್ಪತ್ರೆಯಲ್ಲಿ 'ಕ್ಯಾಷಿಯರ್' ಎಂಬ ಬೋರ್ಡು ಕಂಡು, ಅಂತೂ ಇಲ್ಲಿ ದುಡ್ಡು ಕಟ್ಟುವ ಜಾಗ ಸಿಕ್ಕಿತು ಎಂದು ಓಡುತ್ತಾರೆ. ನೋಡಿದರೆ ಅದು ಬಡ ರೋಗಿಗಳಿಗೆ ಬಂದುಹೋಗುವ ಬಸ್ಸಿನ ಚಾರ್ಜು ಕೊಡುವ ಕಿಟಕಿ. ಒಳ್ಳೆಯ ದೃಶ್ಯ. ಆದರೆ ಮೂರ್ ಕಣ್ಣಿನಲ್ಲಿ ಕೆನಡಾ, ಬ್ರಿಟನ್, ಫ್ರಾನ್ಸ್, ಕ್ಯೂಬಾ ಎಲ್ಲವೂ ಮಾಲ್‌ನಲ್ಲಿರುವ ಅಂಗಡಿಗಳ ಹಾಗೆ. ಒಂದೊಂದರೊಳಗೆ ಹೋಗಿ ಏನು ಸಿಗುತ್ತದೆ ನೋಡಿ ಬರುತ್ತಾರೆ. ಒಂದು ಅಂಗಡಿಯ ಬಾಗಿಲು ದಾಟಿ ಇನ್ನೊಂದರ ಬಾಗಿಲು ಸೇರುವ ತನಕ ಕಾರಿಡಾರಿನಲ್ಲಿ ಇರುವವರು ಯಾರು ಎಂದು ಕೇಳುವುದಿಲ್ಲ.

ಕೇಳಬಹುದಿತ್ತು, ಏಕೆಂದರೆ ಉತ್ತರ ಅವರ ಸಿನಿಮಾದಲ್ಲೇ ಎರಡು ಸಲ ಇಣುಕುತ್ತದೆ. ಅವರ ಕೆನಡಾದ ನೆಂಟರು ಅಮೆರಿಕಕ್ಕೆ ಒಂದು ದಿನದ ಮಟ್ಟಿಗೆ ಬರಬೇಕಾದರೂ ಪ್ರಯಾಣದ ಇನ್ಶೂರೆನ್ಸ್ ಮಾಡಿಸಿಯೇ ಬರುತ್ತಾರೆ. ಮೂರ್ ಅದನ್ನು ತಮಾಷೆಯಾಗಿ ತೋರಿಸುತ್ತಾರೆ. ನನಗೆ ನಗು ಬರಲಿಲ್ಲ. ಆ ದಂಪತಿಗೆ ನಾವು ತಿಳಿಯದ ಒಂದು ಸತ್ಯ ತಿಳಿದಿತ್ತು: ಕವರ್ ಮೈಗೆ ಅಂಟಿಕೊಂಡು ಬರುವುದಿಲ್ಲ, ನೆಲಕ್ಕೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ. ಆಂಟಾರಿಯೋದ ಸರ್ಕಾರಿ ಯೋಜನೆಯಲ್ಲಿ ಹನ್ನೆರಡು ತಿಂಗಳಿಗೆ 153 ದಿನವಾದರೂ ಪ್ರಾಂತ್ಯದೊಳಗೇ ಇರಬೇಕೆಂಬ ನಿಯಮವಿದೆ. ಟೊರೊಂಟೊದ ಹುಡುಗಿ ಡೆಟ್ರಾಯಿಟ್‌ನ ಗಂಡನ ಮನೆಗೆ ಹೋಗಿ ನೆಲೆಸಿದರೆ, ಹುಟ್ಟಿದಾಗಿನಿಂದ ಇದ್ದ ಕವರ್ ನದಿಯ ಆಚೆ ದಡದಲ್ಲೇ ಉಳಿಯುತ್ತದೆ. ಹೊಸದಾಗಿ ಬಂದವರಿಗೂ, ಹೋಗಿ ಮರಳಿದವರಿಗೂ ಅಲ್ಲಿ ಆಗ ಮೂರು ತಿಂಗಳ ಕಾಯುವ ಅವಧಿಯಿತ್ತು. ಕೋವಿಡ್ ಬಂದಾಗ, 2020ರ ಮಾರ್ಚ್‌ನಲ್ಲಿ ಅದನ್ನು ತೆಗೆದರು. ಮೂರ್‌ರ ಸ್ವರ್ಗದ ಬಾಗಿಲಲ್ಲೂ ಕ್ಯೂ ಇತ್ತು, ಅವರು ಕ್ಯೂ ತೋರಿಸಲಿಲ್ಲ.

ಎರಡನೆಯದು ಇನ್ನೂ ಕುತೂಹಲದ್ದು. ಚಿಕಿತ್ಸೆಗಾಗಿ ಗಡಿ ದಾಟಿ ಕೆನಡಾಕ್ಕೆ ಹೋಗುವ ಅಮೆರಿಕದ ಯುವತಿಯೊಬ್ಬಳು, ಅಲ್ಲಿಯ ಗೆಳೆಯನೊಬ್ಬನ ಸಂಗಾತಿ ಎಂದು ಹೇಳಿಕೊಳ್ಳುವ ಮಾತು ಬರುತ್ತದೆ. ಅಂದರೆ ಮದುವೆಯೇ ಇಲ್ಲಿ ಇನ್ಶೂರೆನ್ಸ್ ಕಾರ್ಡು. ಒಂದು ಕಡೆ ಹೆಂಡತಿಯಾದರೆ ಕವರ್ ಸಿಗುತ್ತದೆ, ಇನ್ನೊಂದು ಕಡೆ ಹೆಂಡತಿಯಾದ್ದರಿಂದಲೇ ಕವರ್ ಹೋಗುತ್ತದೆ. ಇದು ಒಂದು ಇಡೀ ಸಿನಿಮಾಕ್ಕೆ ಆಗುವ ವಸ್ತು. ಮೂರ್ ಅದನ್ನು ಒಂದು ನಗೆಯಲ್ಲಿ ದಾಟಿ ಮುಂದೆ ಹೋಗುತ್ತಾರೆ.

ನನ್ನದೇ ಒಂದು ಉದಾಹರಣೆ ಸೇರಿಸಿ ಈ ಭಾಗ ಮುಗಿಸುತ್ತೇನೆ. ನನಗೆ ಥೈರಾಯ್ಡ್ ಇತ್ತು. ಆಗಿನ ಅಮೆರಿಕದ ಕಾನೂನಿನಲ್ಲಿ, ಹಿಂದಿನ ಆರು ತಿಂಗಳಲ್ಲಿ ಚಿಕಿತ್ಸೆ ಪಡೆದ ಕಾಯಿಲೆಯನ್ನು ಕಂಪನಿ ಪಾಲಿಸಿಗಳು ಹನ್ನೆರಡು ತಿಂಗಳವರೆಗೆ ಹೊರಗಿಡಬಹುದಿತ್ತು. ಮೊದಲಿನಿಂದ ಕವರ್ ಇತ್ತೆಂದು, ನಡುವೆ 63 ದಿನ ಖಾಲಿ ಬಿದ್ದಿಲ್ಲವೆಂದು ಪ್ರಮಾಣಪತ್ರ ತಂದರೆ ಆ ಅವಧಿ ಕಡಿಮೆಯಾಗುತ್ತಿತ್ತು. ನಾನು ಹಳೆಯ ಕಂಪನಿಗೆ ಮೇಲ್ ಹಾಕಿದೆ. ಅಂಥ ಪತ್ರದ ಹೆಸರನ್ನೇ ಅವರು ಕೇಳಿರಲಿಲ್ಲ. ರಿಲೀವಿಂಗ್ ಲೆಟರನ್ನೇ ಇನ್ನೊಂದು ಸಲ ಸ್ಕ್ಯಾನ್ ಮಾಡಿ ಕಳಿಸಿದರು. ಹನ್ನೆರಡು ತಿಂಗಳು ತಿಪಟೂರಿನಿಂದ ಮಾತ್ರೆ ತರಿಸಿಕೊಂಡೆ. ತಮ್ಮ ಕಳಿಸುತ್ತಿದ್ದ ಚಟ್ನಿಪುಡಿಯ ಡಬ್ಬಿಯಲ್ಲಿ ಥೈರಾಯ್ಡ್ ಮಾತ್ರೆಯ ಸ್ಟ್ರಿಪ್ಪುಗಳೂ ಬರುತ್ತಿದ್ದವು. 2014ರಿಂದ ಇಂಥ ಹೊರಗಿಡುವಿಕೆಯನ್ನು ಅಲ್ಲಿ ನಿಷೇಧಿಸಿದ್ದಾರೆ, ಈಗ ಹೋಗುವವರಿಗೆ ಆ ಕಷ್ಟವಿಲ್ಲ.

ಇನ್ನು ನಮ್ಮವರು. ನಾಗತಿಹಳ್ಳಿ ಚಂದ್ರಶೇಖರ್ ಅವರ 'ಅಮೆರಿಕಾ ಅಮೆರಿಕಾ' ನಮ್ಮ ತಲೆಮಾರಿನ ಹೊರಡುವಿಕೆಗೆ ಕನ್ನಡದಲ್ಲಿ ಒಂದು ಭಾಷೆ ಕೊಟ್ಟಿತು. ಸೂರ್ಯ, ಶಶಾಂಕ್, ಭೂಮಿಕಾ; ಮಣ್ಣು ಬಿಟ್ಟು ಹೋಗದವನು, ಹೋದವನು, ಮದುವೆಯಾಗಿ ಹೋದವನ ಹಿಂದೆ ಹೋದವಳು. ಅಲ್ಲಿಯ ಪ್ರಶ್ನೆ ಡಾಲರೋ ಮಣ್ಣೋ ಎಂಬುದು. ಭೂಮಿಕಾ ಕಳೆದುಕೊಳ್ಳುವುದೆಲ್ಲ ಭಾವದ ಲೋಕದ್ದು. ಆ ಸಿನಿಮಾ ನನಗೆ ಈಗಲೂ ಇಷ್ಟ, ಟಿವಿಯಲ್ಲಿ ಬಂದರೆ ಎದ್ದು ಹೋಗುವುದಿಲ್ಲ. ಆದರೆ ಮಣ್ಣು ಎಂಬ ರೂಪಕ ನಮಗೆ ತುಂಬ ಸುಲಭವಾಗಿ ಒದಗಿಬಂದು, ಮಣ್ಣಿನ ಜೊತೆ ಹೋಗುವ ಇನ್ನಿತರ ವಸ್ತುಗಳ ಲೆಕ್ಕವನ್ನು ಮರೆಸಿತು ಅನ್ನಿಸುತ್ತದೆ.

ನಾವು ವಲಸಿಗರು ಬರೆದುಕೊಳ್ಳುವ ಕಥೆಗಳನ್ನೇ ನೋಡಿ. ಏರ್‌ಪೋರ್ಟಿನಲ್ಲಿ ಉಪ್ಪಿನಕಾಯಿ ಡಬ್ಬಿ, ಕೆಜಿ ಜಾಸ್ತಿಯಾಗಿ ಬ್ಯಾಗಿನಿಂದ ಹೊರಬಿದ್ದ ಹಪ್ಪಳ, ಗಾಜಿನಾಚೆ ಕೈಬೀಸುವ ಅಪ್ಪ. ನಾನೂ ಇಂಥದ್ದೊಂದನ್ನು ಬರೆದಿದ್ದೇನೆ, 2010ರಲ್ಲಿ. ಅದರಲ್ಲಿ ಅಪ್ಪನ ಶರಟಿನ ಜೇಬಿನಲ್ಲಿ ಪೆನ್ನಿತ್ತು ಎಂದು ಬರೆದೆ. ಕಾರ್ಡಿತ್ತು ಎಂದು ಬರೆಯಲಿಲ್ಲ. ಕಾರ್ಡು ಕಥೆಗೆ ಒಗ್ಗುವ ವಸ್ತುವಲ್ಲ ಅನ್ನಿಸಿತೋ, ನಾಚಿಕೆಯಾಯಿತೋ, ಈಗ ಬೇರ್ಪಡಿಸಲಾರೆ. ಎರಡನೆಯದೇ ಇರಬೇಕು. ಮಗಳು ಹೋದಳೆಂಬ ದುಃಖವನ್ನು ಬರೆಯಬಹುದು, ಅದರಲ್ಲಿ ಬರೆಯುವವಳೂ ದುಃಖಿತೆಯೇ. ಮಗಳು ಹೋದದ್ದರಿಂದ ಅಪ್ಪನ ಚಿಕಿತ್ಸೆಯ ದುಡ್ಡು ಹೋಯಿತು ಎಂದು ಬರೆದರೆ ಅವಳು ಬರೀ ದುಃಖಿತೆಯಾಗಿ ಉಳಿಯುವುದಿಲ್ಲ. ನಮ್ಮ ಹೊರಡುವಿಕೆಯ ಸಾಹಿತ್ಯದಲ್ಲಿ ಕಾಗದ ಕಾಣದೇ ಇರುವುದಕ್ಕೆ ಇದೇ ಕಾರಣ ಎಂದು ನನ್ನ ಗುಮಾನಿ.

ಕಳೆದ ತಿಂಗಳು ನಮ್ಮ ಟೀಮಿನ ಹುಡುಗಿಯೊಬ್ಬಳು ರಾಜೀನಾಮೆ ಕೊಟ್ಟಳು. ಗದಗದ ಕಡೆಯವಳು, ಹಿಂಜೆವಾಡಿಯ ಆಫೀಸಿನಲ್ಲಿ ನನ್ನನ್ನು ಅಕ್ಕಾ ಎಂದು ಕರೆಯುವವಳು ಅವಳೊಬ್ಬಳೇ. ಗಂಡ ಡಲ್ಲಾಸ್‌ನಲ್ಲಿದ್ದಾನೆ. ಇನ್ಶೂರೆನ್ಸ್ ಏನು ಮಾಡಿದೆ ಎಂದು ಕೇಳಿದೆ.

"ಅಲ್ಲೆ ಅವರ ಪಾಲಿಸಿಗೆ ನನ್ನ ಸೇರಸ್ತಾರಕ್ಕ. ಮೂವತ್ತು ದಿನದಾಗ ಹೆಸರು ಕೊಡಬೇಕಂತ, ಅವರು ಕೇಳ್ಯಾರ."

"ನಿಂದಲ್ಲ. ನಿಮ್ಮಮ್ಮಂದು?"

ಅವಳ ತಾಯಿಗೆ ಎರಡು ವರ್ಷದ ಕೆಳಗೆ ಸ್ತನದ ಕ್ಯಾನ್ಸರಿಗೆ ಆಪರೇಷನ್ ಆಗಿದೆ. ಆರು ತಿಂಗಳಿಗೊಮ್ಮೆ ಸ್ಕ್ಯಾನ್. ಎಲ್ಲ ಇವಳ ಕಂಪನಿ ಪಾಲಿಸಿಯಲ್ಲಿ. ಹುಡುಗಿ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು.

ಈಗ ನನ್ನ ಕಾಲದಷ್ಟು ಕತ್ತಲೆಯಿಲ್ಲ. ಗ್ರೂಪ್ ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ, ಅಲ್ಲಿ ಕಾದ ಅವಧಿ ಇಲ್ಲಿ ಲೆಕ್ಕಕ್ಕೆ ಸೇರುತ್ತದೆ. ಹಳೆಯ ಕಾಯಿಲೆಗೆ ಕಾಯಿಸುವ ಅವಧಿಯ ಮಿತಿಯನ್ನು 2024ರಲ್ಲಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿದ್ದಾರೆ. ವಯಸ್ಸಿನ ಗೋಡೆಯೂ ಬಿದ್ದಿದೆ, ಪ್ರೀಮಿಯಂನ ಗೋಡೆ ನಿಂತಿದೆ. ಆದರೆ ಅರ್ಜಿ ಕೆಲಸದಲ್ಲಿ ಇರುವಾಗಲೇ ಶುರುವಾಗಬೇಕು, ವೈದ್ಯಕೀಯ ಕಾಗದಗಳು ಹೊಂದಬೇಕು. ಅವಳ ಕೊನೆಯ ದಿನಕ್ಕೆ ಒಂಬತ್ತು ದಿನ ಉಳಿದಿತ್ತು, ಅಮ್ಮನ ಸ್ಕ್ಯಾನಿಗೆ ಹದಿನೈದು. ವಿಮಾನದ ಟಿಕೆಟ್ಟು ಅದರ ಮುಂದಿನ ತಿಂಗಳಿನದು.

"ಡೇಟ್ ಮುಂದ ಹಾಕಾಕ ಬರತೈತೇನಕ್ಕ?" ಎಂದು ಕೇಳಿದಳು.

ಅವಳ ಜಾಗಕ್ಕೆ ಬರುವವನು ಆಗಲೇ ಗೊತ್ತಾಗಿದ್ದ, ಕ್ಲೈಂಟ್ ಎರಡೂ ಹೆಸರಿಗೆ ಒಟ್ಟಿಗೆ ಬಿಲ್ಲು ಕಟ್ಟುವುದಿಲ್ಲ. ಅವತ್ತು ಸಂಜೆ ಅವಳ ಕೊನೆಯ ದಿನವನ್ನು ಎರಡು ವಾರ ಮುಂದಕ್ಕೆ ಹಾಕಿ ಎಚ್‌ಆರ್‌ಗೆ ಮೇಲ್ ಕಳಿಸಿದೆ. ಕಾರಣ ಎಂಬ ಕಾಲಂನಲ್ಲಿ 'ನಾಲೆಡ್ಜ್ ಟ್ರಾನ್ಸ್‌ಫರ್ ಬಾಕಿ ಇದೆ' ಎಂದು ಬರೆದೆ.